ಗೆಳೆಯನಿಗೊಂದು ಪತ್ರ: ಹೊಸ ಕಂಟ್ರೋಲರ್ ತೆಗೆದುಕೊಳ್ಳುವ ಮುಂಚೆ ಸ್ಟಿಕ್ ಬಗ್ಗೆ ಕೇಳು

ಡೊಂಬಿವಲಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಮಗಳಿಗೆ ಹೊಸ ಗೇಮ್ ಕಂಟ್ರೋಲರ್ ಬೇಕಂತೆ, ಕೈಯಲ್ಲಿ ಹಿಡಿದು ಆಟ ಆಡಿಸುವ ಸೋನಿಯ ಡ್ಯುಯಲ್‌ಸೆನ್ಸ್. ಅದರ ಬಗ್ಗೆ ಜನ ಬರೆದದ್ದನ್ನೆಲ್ಲ ಓದಿ ನಿನಗೆ ತಲೆ ಚಿಟ್ಟು ಹಿಡಿದಿದೆ. ಒಬ್ಬ ಇನ್ನು ಮೇಲೆ ಆಟ ಆಡುವ ರೀತಿಯೇ ಬೇರೆ ಅನ್ನುತ್ತಾನೆ, ಇನ್ನೊಬ್ಬ ಇದೆಲ್ಲ ದುಡ್ಡು ಕೀಳುವ ಉಪಾಯ ಅನ್ನುತ್ತಾನೆ. "ದಿನಾ ಇದನ್ನೇ ಬಿಚ್ಚಿ ಕೂಡಿಸುವವನು ನೀನು, ನೀನೇ ಹೇಳು ಮಾರಾಯ" ಅಂದೆ. ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಮುಂಬೈಯ ಲ್ಯಾಮಿಂಗ್ಟನ್ ರೋಡಿನ ನನ್ನ ರಿಪೇರಿ ಅಂಗಡಿಗೆ ಬರುವ ನಮ್ಮ ಕಡೆಯವರೂ ಇದನ್ನೇ ಕೇಳುತ್ತಾರೆ. ಹಾಗಾಗಿ ನಿನ್ನನ್ನು ಕೇಳಿಕೊಂಡೇ, ಹೆಸರು ತೆಗೆದು, ನಾಲ್ಕು ಜನ ಓದಲಿ ಅಂತ ಇಲ್ಲಿ ಹಾಕಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸ ಕಂಟ್ರೋಲರ್ ತೋರಿಸಿದ ದಿನ ಜನ ಹೊಗಳುವುದೂ ಬೈಯುವುದೂ ಅದರಲ್ಲಿ ಹೊಸದಾಗಿ ಸೇರಿಸಿದ್ದನ್ನು. ಆದರೆ ನನ್ನ ಟೇಬಲ್ಲಿಗೆ ಅದು ಬರುವುದು ಹಳೆಯ ಒಂದು ಭಾಗ ಸವೆದು ಹೋದದ್ದಕ್ಕೆ. ಹೆಬ್ಬೆರಳಿನ ಕೆಳಗೆ ಆಡುವ ಆ ಸಣ್ಣ ಸ್ಟಿಕ್. ಮೊದಲ ದಿನ ಅದರ ಬಗ್ಗೆ ಕೇಳುವವರು ತೀರಾ ಕಡಿಮೆ. ನೀನು ಅದನ್ನೇ ಮೊದಲು ಕೇಳು.

ಮುಂಬೈಯ ಫೋರ್ಟ್‌ನಲ್ಲಿ ರಾತ್ರಿ ಶಾಲೆ ಮುಗಿಸಿ ಬಂದು, ಹೋಟೆಲಿನ ಮಾಳಿಗೆಯಲ್ಲಿ ನಾವು ಆಡುತ್ತಿದ್ದ ಟಿವಿ ಗೇಮ್ ನೆನಪಿದೆಯಲ್ಲ? ಅದು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ಗೇಮ್ ಯಂತ್ರದ ನಕಲು. ಎಡಗಡೆ ಕೂಡುವ ಗುರುತಿನ ಹಾಗಿದ್ದ ಗುಂಡಿ, ಬಲಗಡೆ ಎರಡು ಗುಂಡಿ. ಆ ಎಡಗಡೆಯ ಗುಂಡಿಯನ್ನು ನಿಂಟೆಂಡೊದ ಗುನ್‌ಪೇ ಯೊಕೊಯ್ 1982ರಲ್ಲಿ ಮಡಚುವ ಸಣ್ಣ ಆಟಿಕೆಯೊಂದಕ್ಕೆ ಹಾಕಿದ್ದರು. ಇವತ್ತಿಗೂ ಬಹುತೇಕ ಎಲ್ಲ ಕಂಟ್ರೋಲರಿನಲ್ಲಿ ಅದು ಇದೆ. ಒಳಗೆ ಇದ್ದದ್ದು ಒಂದು ರಬ್ಬರ್ ಹಾಳೆ, ಅದರ ಅಡಿಯಲ್ಲಿ ಕಾರ್ಬನ್ ಬಿಲ್ಲೆ. ಒತ್ತಿದರೆ ಬಿಲ್ಲೆ ಬೋರ್ಡಿಗೆ ತಾಗುತ್ತದೆ, ಸಂಪರ್ಕ ಆಗುತ್ತದೆ. ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸಿದರೆ ಆಯಿತು. ನಾನು ಈ ಕೆಲಸ ಕಲಿತದ್ದೇ ಹಾಗೆ, ನೀನು ಟಾರ್ಚ್ ಹಿಡಿದುಕೊಂಡು ನಿಂತಿರುತ್ತಿದ್ದೆ.

ಅದರ ಜೊತೆ ಬಂದಿದ್ದ ಬಾತುಕೋಳಿ ಹೊಡೆಯುವ ಬಂದೂಕು ನಮ್ಮ ಪಾಲಿಗೆ ಬಹಳ ದೊಡ್ಡ ವಿಸ್ಮಯ. ಬಂದೂಕಿನಿಂದ ಏನೋ ಕಿರಣ ಹೋಗಿ ಟಿವಿಗೆ ಬಡಿಯುತ್ತದೆ ಅಂತ ಎಲ್ಲರೂ ನಂಬಿದ್ದರು. ನಿಜದಲ್ಲಿ ಬೆಳಕು ಹೋಗುತ್ತಿದ್ದದ್ದು ಟಿವಿಯಿಂದ ಬಂದೂಕಿಗೆ. ಕುದುರೆ ಎಳೆದ ತಕ್ಷಣ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ನಳಿಕೆಯೊಳಗೆ ಕೂತ ಸಣ್ಣ ಸೆನ್ಸರ್‌ಗೆ ಆ ಬಿಳಿ ಕಂಡರೆ ಗುರಿ ತಾಗಿದ ಹಾಗೆ. ಈ ಲೆಕ್ಕ ನಡೆಯುವುದು ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಮಾತ್ರ, ಅದರಲ್ಲಿ ಚಿತ್ರ ಮೂಡುವ ಹೊತ್ತು ಕರಾರುವಾಕ್ಕಾಗಿ ಗೊತ್ತಿರುತ್ತದೆ. ಈಗಿನ ಎಲ್‌ಇಡಿ ಟಿವಿ ಚಿತ್ರವನ್ನು ಸ್ವಲ್ಪ ತಡೆದು ತೋರಿಸುತ್ತದೆ. ಈಗಲೂ ಕೆಲವರು ಆ ಬಂದೂಕು ಹಿಡಿದುಕೊಂಡು ಬರುತ್ತಾರೆ, ರಿಪೇರಿ ಮಾಡಿಕೊಡಿ ಅಂತ. ಬಂದೂಕು ಸರಿಯಾಗಿಯೇ ಇರುತ್ತದೆ. ಅದಕ್ಕೆ ಬೇಕಾದ ಟಿವಿ ಮನೆಯಲ್ಲಿ ಇರುವುದಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಕಂಟ್ರೋಲರ್ ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ ಅಂತ ಅದೊಂದನ್ನೇ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಅದು ಯಾವ ಮನೆಗೆ, ಯಾವ ಕೈಗೆ, ಯಾವ ಟಿವಿಗೆ ಹೋಗುತ್ತದೆ ಅನ್ನುವುದೂ ಸೇರುತ್ತದೆ.

ನಿಂಟೆಂಡೊದ ವೀ ಅನ್ನುವ ಗೇಮ್ ಯಂತ್ರಕ್ಕೆ ಕೈ ಬೀಸಿ ಆಡುವ ಕಂಟ್ರೋಲರ್ ಇತ್ತು, ಹೆಸರು ವೀ ರಿಮೋಟ್. ಅದನ್ನು 2005ರ ಸೆಪ್ಟೆಂಬರಿನಲ್ಲಿ ಟೋಕಿಯೊದಲ್ಲಿ ತೋರಿಸಿದರು. ಕಂಪನಿಯ ಅಧ್ಯಕ್ಷ ಸತೊರು ಇವಾಟಾ ಅದನ್ನು ಎತ್ತಿ ಹಿಡಿದಾಗ, ಆಟದಲ್ಲಿ ಪಳಗಿದ ಎಷ್ಟೋ ಜನ ಇದು ಟಿವಿ ರಿಮೋಟ್ ಅಲ್ವಾ ಅಂತ ನಕ್ಕರು. 2006ರ ನವೆಂಬರಿನಲ್ಲಿ ಅಂಗಡಿಗೆ ಬಂತು. ಆಮೇಲೆ ಅಮೆರಿಕದಲ್ಲಿ ತಿಂಗಳುಗಟ್ಟಲೆ ಸಿಗಲಿಲ್ಲ. ಒಟ್ಟು 10 ಕೋಟಿಗೂ ಜಾಸ್ತಿ ವೀ ಯಂತ್ರ ಮಾರಾಟವಾಯಿತು. ಅಜ್ಜ ಅಜ್ಜಿಯರು ವೃದ್ಧಾಶ್ರಮದಲ್ಲಿ ಬೌಲಿಂಗ್ ಆಡಿದರು, ಫಿಸಿಯೋಥೆರಪಿಯವರು ಕೈ ಆಡಿಸಲು ಅದನ್ನೇ ಬಳಸಿದರು. ನಕ್ಕವರಿಗೆ ಒಂದು ವಿಷಯ ಹೊಳೆಯಲಿಲ್ಲ. ಅವರ ಬೆರಳಿಗೆ ಆಗಲೇ ಹತ್ತಾರು ಗುಂಡಿ ರೂಢಿಯಾಗಿತ್ತು. ರೂಢಿ ಇಲ್ಲದವರಿಗೆ ಆ ಗುಂಡಿಗಳೇ ಬಾಗಿಲಿಗೆ ಹಾಕಿದ ಬೀಗ. ಕೈ ಬೀಸಿದರೆ ಬ್ಯಾಟ್ ಬೀಸುತ್ತದೆ ಅಂದರೆ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅದರಲ್ಲೂ ಬಂದೂಕಿನ ಕಥೆಯೇ ಇತ್ತು. ಟಿವಿ ಮೇಲೆ ಇಡುತ್ತಿದ್ದ ಪಟ್ಟಿಗೆ ಸೆನ್ಸರ್ ಬಾರ್ ಅಂತ ಹೆಸರು, ಆದರೆ ಅದರೊಳಗೆ ಸೆನ್ಸರ್ ಇರಲಿಲ್ಲ. ಎರಡು ತುದಿಯಲ್ಲಿ ಇನ್‌ಫ್ರಾರೆಡ್ ದೀಪ, ಅಷ್ಟೇ. ಅದನ್ನು ನೋಡುವ ಕ್ಯಾಮೆರಾ ಇದ್ದದ್ದು ಕೈಯಲ್ಲಿನ ರಿಮೋಟಿನಲ್ಲಿ. ಎರಡು ಮೇಣದ ಬತ್ತಿ ಹಚ್ಚಿಟ್ಟರೂ ಗುರಿ ಹಿಡಿಯುತ್ತಿತ್ತು. ಪಟ್ಟಿಯ ವಯರ್ ತುಂಡಾಗಿ ಬಂದಾಗ ನಾನು ಇದನ್ನು ಗಿರಾಕಿಗಳಿಗೆ ಮಾಡಿ ತೋರಿಸುತ್ತಿದ್ದೆ, ಮಕ್ಕಳ ಕಣ್ಣು ಅರಳುತ್ತಿತ್ತು.

ಮೊದಲ ತಿಂಗಳಲ್ಲೇ ಇನ್ನೊಂದು ತೊಂದರೆ ಕಂಡಿತು. ಜನ ಉತ್ಸಾಹದಲ್ಲಿ ಕೈ ಬೀಸಿ, ರಿಮೋಟ್ ಜಾರಿ, ಟಿವಿ ಒಡೆಯಿತು. ಮಣಿಕಟ್ಟಿಗೆ ಕಟ್ಟುವ ದಾರ ತುಂಡಾಗುತ್ತಿತ್ತು. 2006ರ ಡಿಸೆಂಬರಿನಲ್ಲಿ ನಿಂಟೆಂಡೊ ದಾರದ ದಪ್ಪವನ್ನು 0.6 ಮಿಲಿಮೀಟರಿನಿಂದ 1 ಮಿಲಿಮೀಟರಿಗೆ ಏರಿಸಿ, ಹಳೆಯದನ್ನು ಬದಲಾಯಿಸಿ ಕೊಟ್ಟಿತು. ಅಷ್ಟೆಲ್ಲ ಹೊಸ ತಂತ್ರ ಇದ್ದ ವಸ್ತುವಿನಲ್ಲಿ ಮೊದಲು ಸೋತದ್ದು ಒಂದು ದಾರ. ನಾನು ಈ ವಿಷಯವನ್ನು ಅಂಗಡಿಯ ಹುಡುಗರಿಗೆ ಯಾವಾಗಲೂ ಹೇಳುತ್ತೇನೆ.

ಕೈನೆಕ್ಟ್‌ಗೆ ಆದದ್ದು ಇದಕ್ಕೆ ಪೂರ್ತಿ ಉಲ್ಟಾ. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಗೇಮ್ ಯಂತ್ರಕ್ಕೆ ಜೋಡಿಸುವ ಈ ಕ್ಯಾಮೆರಾ ಪಟ್ಟಿಯನ್ನು 2009ರಲ್ಲಿ ತೋರಿಸಿದಾಗ ಎಲ್ಲರೂ ಬೆರಗಾದರು. ಕೈಯಲ್ಲಿ ಏನೂ ಬೇಡ, ನಿನ್ನ ಮೈಯೇ ಕಂಟ್ರೋಲರ್. 2010ರ ನವೆಂಬರಿನಲ್ಲಿ ಬಂದು ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಯಿತು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನು ಕೋಣೆ ತುಂಬ ಚೆಲ್ಲಿ, ಅವು ಎಲ್ಲಿ ಎಷ್ಟು ಸರಿದಿವೆ ಅಂತ ನೋಡಿ, ಮನುಷ್ಯ ಎಷ್ಟು ದೂರದಲ್ಲಿ ಇದ್ದಾನೆ ಅಂತ ಲೆಕ್ಕ ಹಾಕುತ್ತಿತ್ತು. ಎಂಥ ಕೆಲಸ ಅದು! ಆದರೆ ಆಡುವವನು ಸೆನ್ಸರಿನಿಂದ ಸುಮಾರು ಆರು ಅಡಿ ದೂರ ನಿಲ್ಲಬೇಕು, ಇಬ್ಬರಾದರೆ ಇನ್ನೂ ಹಿಂದೆ. ನಮ್ಮ ಡೊಂಬಿವಲಿಯ ಒಂದು ರೂಮ್ ಕಿಚನ್ ಮನೆ ನೀನು ನೋಡಿದ್ದೀಯ. ಟಿವಿಯಿಂದ ಆರು ಅಡಿ ಹಿಂದೆ ಹೋದರೆ ಮಂಚ, ಅದರಾಚೆ ಗೋಡೆ. ಚಾಳಿನಲ್ಲಿ ಇರುವವರ ಮಾತು ಬಿಡು. ಇಲ್ಲಿ ಅದನ್ನು ಕೊಂಡ ಎಷ್ಟೋ ಮನೆಯಲ್ಲಿ ಮಕ್ಕಳು ಮಂಚದ ಮೇಲೆ ನಿಂತು ಆಡಲು ನೋಡಿ, ಆಮೇಲೆ ಅದನ್ನು ಅಟ್ಟಕ್ಕೆ ಹಾಕಿದರು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಅದನ್ನು ಕಡ್ಡಾಯವಾಗಿ ಸೇರಿಸಿ 499 ಡಾಲರ್ ಬೆಲೆ ಇಟ್ಟಾಗ ಜನ ಸಿಟ್ಟಾದರು. ಮರುವರ್ಷ ಅದನ್ನು ಬಿಟ್ಟು 399 ಡಾಲರಿಗೆ ಕೊಡಬೇಕಾಯಿತು. 2017ರಲ್ಲಿ ತಯಾರಿಕೆಯೇ ನಿಂತಿತು. ಆಟದವರು ಕೈಬಿಟ್ಟರೂ ರೋಬೋಟ್ ಮಾಡುವವರು ಅದನ್ನು ಹುಡುಕಿಕೊಂಡು ಬರುತ್ತಿದ್ದರು. ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಹಳೆಯ ಕೈನೆಕ್ಟ್ ಇದೆಯಾ ಅಂತ ಲ್ಯಾಮಿಂಗ್ಟನ್ ರೋಡಿನಲ್ಲಿ ಅಂಗಡಿ ಅಂಗಡಿ ಕೇಳುತ್ತಿದ್ದರು. ನನಗೆ ಅದು ಸಂತೋಷದ ವಿಷಯ.

ಕೈ ನಡುಗಿಸುವ ತಂತ್ರದ ಕಥೆ ಇನ್ನೂ ಸ್ವಾರಸ್ಯ. 1997ರಲ್ಲಿ ನಿಂಟೆಂಡೊ 64 ಯಂತ್ರದ ಕಂಟ್ರೋಲರಿಗೆ ಸಿಕ್ಕಿಸುವ ರಂಬಲ್ ಪ್ಯಾಕ್ ಬಂತು, ಅದೇ ವರ್ಷ ಸೋನಿಯ ಡ್ಯುಯಲ್‌ಶಾಕ್ ಕಂಟ್ರೋಲರ್ ಬಂತು. ಡ್ಯುಯಲ್‌ಶಾಕ್ ಒಳಗೆ ಎರಡು ಮೋಟಾರ್, ಒಂದು ದೊಡ್ಡದು ಒಂದು ಸಣ್ಣದು. ಮೋಟಾರಿನ ಕಡ್ಡಿಗೆ ಒಂದೇ ಬದಿಗೆ ಭಾರ ಕೂರಿಸಿರುತ್ತಾರೆ. ತಿರುಗಿದರೆ ಸಮ ತೂಗದೆ ನಡುಗುತ್ತದೆ. ಮೊದಮೊದಲು ಇದೇನು ಮಕ್ಕಳಾಟ ಅಂದವರು ಇದ್ದರು. 2006ರಲ್ಲಿ ತನ್ನ ಪ್ಲೇಸ್ಟೇಷನ್ 3 (ಪಿಎಸ್3) ಯಂತ್ರದ ಕಂಟ್ರೋಲರಿನಿಂದ ಸೋನಿ ಅದನ್ನು ತೆಗೆದು ಹಾಕಿತು. ಓರೆ ಮಾಡಿದರೆ ತಿಳಿಯುವ ಸೆನ್ಸರಿಗೆ ನಡುಕ ಅಡ್ಡ ಬರುತ್ತದೆ ಅಂತ ಕಾರಣ ಹೇಳಿತು. ಆ ಹೊತ್ತಿಗೆ ಇಮ್ಮರ್ಶನ್ ಅನ್ನುವ ಕಂಪನಿ ಇದೇ ನಡುಕದ ಪೇಟೆಂಟ್ ವಿಷಯವಾಗಿ 2002ರಲ್ಲಿ ಹೂಡಿದ್ದ ಕೇಸು ನಡೆಯುತ್ತಿತ್ತು. ಜನ ಒಪ್ಪಲಿಲ್ಲ. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರ ಅಂತ ಬೈದರು. 2007ರಲ್ಲಿ ಕೇಸು ರಾಜಿಯಾಯಿತು, ಅದೇ ವರ್ಷದ ಕೊನೆಯಲ್ಲಿ ನಡುಗುವ ಡ್ಯುಯಲ್‌ಶಾಕ್ 3 ಬಂತು. ಹೊಸದೊಂದು ಬೇಕಿತ್ತೋ ಇಲ್ಲವೋ ಅನ್ನುವುದು ಬಂದ ದಿನ ಗೊತ್ತಾಗುವುದಿಲ್ಲ. ಅದನ್ನು ತೆಗೆದ ದಿನ ಗೊತ್ತಾಗುತ್ತದೆ.

ಈಗ ನಿನ್ನ ಮಗಳು ಕೇಳುತ್ತಿರುವ ಕಂಟ್ರೋಲರಿಗೆ ಬರೋಣ. ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಆಗ ಡ್ಯುಯಲ್‌ಸೆನ್ಸ್ ಕಂಟ್ರೋಲರ್ ಒಂದಕ್ಕೇ 5,990 ರೂಪಾಯಿ. ಅದರ ಟ್ರಿಗರ್, ಅಂದರೆ ತೋರುಬೆರಳಿನಲ್ಲಿ ಎಳೆಯುವ ಗುಂಡಿಯ ಹಿಂದೆ ಒಂದು ಸಣ್ಣ ಮೋಟಾರ್, ಅದಕ್ಕೆ ತಿರುಪು ಹಲ್ಲಿನ ಗೇರ್, ಗೇರಿಗೆ ಒಂದು ತೋಳು. ಆಟದಲ್ಲಿ ಬಿಲ್ಲು ಎಳೆದರೆ ಆ ತೋಳು ಟ್ರಿಗರಿಗೆ ಎದುರಾಗಿ ನಿಲ್ಲುತ್ತದೆ, ಬೆರಳಿಗೆ ನಿಜವಾಗಿಯೂ ಬಿಗಿ ಸಿಗುತ್ತದೆ. ನಡುಕಕ್ಕೂ ಹಳೆಯ ಮೋಟಾರ್ ಇಲ್ಲ. ಸ್ಪೀಕರಿನಲ್ಲಿ ಇರುವಂಥ ಸುರುಳಿ ಹಿಂದೆ ಮುಂದೆ ಆಡುತ್ತದೆ. ಮರಳಿನ ಮೇಲೆ ನಡೆದರೆ ಒಂದು ಥರ, ಗಾಜಿನ ಮೇಲೆ ಇನ್ನೊಂದು ಥರ. ಮೊದಲ ಸಲ ಹಿಡಿದಾಗ ನನಗೂ ರೋಮಾಂಚನವಾಯಿತು. ಇದು ಸುಳ್ಳು ಬೆಡಗು ಅಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ನಿನ್ನ ಮಗಳು ಆಡುವುದು ಕಂಪ್ಯೂಟರಿನಲ್ಲಿ ಅಲ್ವಾ? ಅಲ್ಲಿ ಈ ಬಿಗಿ, ಈ ನಡುಕ ಕೆಲಸ ಮಾಡುವುದು ಅದಕ್ಕೆ ಅಂತಲೇ ಬರೆದ ಆಟಗಳಲ್ಲಿ, ಅದೂ ಹೆಚ್ಚಾಗಿ ಕೇಬಲ್ ಹಾಕಿದಾಗ. ಉಳಿದ ಆಟಗಳಲ್ಲಿ ಅದು ಮಾಮೂಲಿ ಕಂಟ್ರೋಲರ್. ಅವಳು ಯಾವ ಆಟ ಆಡುತ್ತಾಳೆ ಅಂತ ಮೊದಲು ಕೇಳು.

ಇನ್ನು ಸ್ಟಿಕ್. ಇದಕ್ಕಾಗಿಯೇ ಇಷ್ಟು ಉದ್ದ ಬರೆದದ್ದು.

ಗ್ರಾಂಟ್ ರೋಡ್ ಸ್ಟೇಷನ್ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಬಂದರೆ, ಕಂಟ್ರೋಲರ್ ಹಿಡಿದುಕೊಂಡು ಬರುವ ಗಿರಾಕಿ ಹೇಳುವುದು ಒಂದೇ ಮಾತು: "ಭಾಯ್, ಅಪ್ನೇ ಆಪ್ ಚಲ್ತಾ ಹೈ." ಮುಟ್ಟದಿದ್ದರೂ ಆಟದ ಮನುಷ್ಯ ಒಂದು ಕಡೆಗೆ ನಡೆಯುತ್ತಲೇ ಇರುತ್ತಾನೆ. ಇದಕ್ಕೆ ಸ್ಟಿಕ್ ಡ್ರಿಫ್ಟ್ ಅನ್ನುತ್ತಾರೆ. ಕಾರಣ ಬಹಳ ಸರಳ. ಸ್ಟಿಕ್ಕಿನ ಬುಡದಲ್ಲಿ ಎರಡು ಪೊಟೆನ್ಶಿಯೋಮೀಟರ್ ಇವೆ. ನಾವು ಪಾಟ್ ಅನ್ನುತ್ತೇವೆ. ಒಂದು ಎಡ ಬಲಕ್ಕೆ, ಒಂದು ಮೇಲೆ ಕೆಳಗೆ. ಹಳೆಯ ರೇಡಿಯೋದಲ್ಲಿ ವಾಲ್ಯೂಮ್ ತಿರುಗಿಸಿದರೆ ಕರಕರ ಅಂತಿತ್ತಲ್ಲ, ಅದೇ ಜಾತಿಯ ಭಾಗ, ಗಾತ್ರ ಸಣ್ಣದು. ಒಳಗೆ ಕಾರ್ಬನ್ ಬಳಿದ ಒಂದು ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಹೋಗುವ ಲೋಹದ ಸಣ್ಣ ಕಾಲು. ಕಾಲು ಎಲ್ಲಿದೆ ಅನ್ನುವುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ. ಅದನ್ನು ಚಿಪ್ ಅಂಕಿಯಾಗಿ ಓದುತ್ತದೆ. 0ರಿಂದ 255ರ ತನಕ ಅಂಕಿ ಅಂತ ಇಟ್ಟುಕೋ. ಸ್ಟಿಕ್ ನಡುವಿನಲ್ಲಿ ನಿಂತಿದ್ದರೆ 128ರ ಹತ್ತಿರ ಬರಬೇಕು.

ಉಜ್ಜುವುದು ಅಂದರೆ ಸವೆಯುವುದು. ಹೆಬ್ಬೆರಳು ಜಾಸ್ತಿ ಆಡುವುದು ನಡುವಿನ ಜಾಗದಲ್ಲಿ, ಹಾಗಾಗಿ ಅಲ್ಲಿಯೇ ಕಾರ್ಬನ್ ಮೊದಲು ಹೋಗುತ್ತದೆ. ಸವೆದ ಪುಡಿ ಅಲ್ಲೇ ಕೂರುತ್ತದೆ. ಸ್ಟಿಕ್ಕನ್ನು ನಡುವಿಗೆ ಎಳೆಯುವ ಸ್ಪ್ರಿಂಗೂ ಸಡಿಲವಾಗುತ್ತದೆ. ಆಗ ನಡುವಿನಲ್ಲಿ ಬಿಟ್ಟರೂ ಅಂಕಿ 128 ಬರುವುದಿಲ್ಲ, 140 ಬರುತ್ತದೆ. ಆಟಕ್ಕೆ ಅದು ಬೆರಳು ತಳ್ಳಿದ ಹಾಗೆ. ಸಾಫ್ಟ್‌ವೇರಿನಲ್ಲಿ ಡೆಡ್ ಝೋನ್ ಅಂತ ಇರುತ್ತದೆ, ನಡುವಿನ ಸ್ವಲ್ಪ ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡ ಅನ್ನುವ ಏರ್ಪಾಡು. ಅದನ್ನು ದೊಡ್ಡದು ಮಾಡಿದರೆ ಡ್ರಿಫ್ಟ್ ಮರೆಯಾಗುತ್ತದೆ, ಜೊತೆಗೆ ನಾಜೂಕಾಗಿ ಗುರಿ ಹಿಡಿಯುವುದೂ ಹೋಗುತ್ತದೆ. ಈ ಜಾತಿಯ ಪಾಟ್‌ಗೆ ತಯಾರಕರು ಕೊಡುವ ಆಯಸ್ಸು ಸುಮಾರು 20 ಲಕ್ಷ ಸಲದ ಓಡಾಟ. ಕೇಳಲು ದೊಡ್ಡ ಸಂಖ್ಯೆ. ಗುಂಡು ಹೊಡೆಯುವ ಆಟದಲ್ಲಿ ಮಕ್ಕಳ ಹೆಬ್ಬೆರಳು ಒಂದು ನಿಮಿಷದಲ್ಲಿ ಎಷ್ಟು ಸಲ ಅತ್ತಿತ್ತ ಹೋಗುತ್ತದೆ ಅಂತ ಪಕ್ಕದಲ್ಲಿ ಕೂತು ಒಮ್ಮೆ ನೋಡು, ಆಗ ಗೊತ್ತಾಗುತ್ತದೆ.

ಈ ತೊಂದರೆ ಒಂದೇ ಕಂಪನಿಯದ್ದಲ್ಲ. ಹೆಚ್ಚು ಸುದ್ದಿಯಾದದ್ದು 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಗೇಮ್ ಯಂತ್ರದ ಜಾಯ್‌ಕಾನ್ ಕಂಟ್ರೋಲರ್. ಅದನ್ನು ತೋರಿಸಿದಾಗ, ಗ್ಲಾಸಿನಲ್ಲಿ ಮಂಜುಗಡ್ಡೆ ಎಷ್ಟಿದೆ ಅಂತ ಕೈಗೆ ತಿಳಿಯುವಷ್ಟು ಸೂಕ್ಷ್ಮ ನಡುಕ ಅಂತ ಹೇಳಿದ್ದರು. ಆ ಮಂಜುಗಡ್ಡೆಯ ಮಾತು ಎಲ್ಲ ಕಡೆ ಓಡಿತು. ಆಮೇಲೆ ಉಳಿದದ್ದು ಡ್ರಿಫ್ಟ್ ಮಾತು. 2020ರಲ್ಲಿ ಕಂಪನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಗ್ರಾಹಕರ ಕ್ಷಮೆ ಕೇಳಿದರು. ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ದೂರು ಕೊಟ್ಟ ಮೇಲೆ, ವಾರಂಟಿ ಮುಗಿದಿದ್ದರೂ ಉಚಿತವಾಗಿ ರಿಪೇರಿ ಮಾಡಿಕೊಡಲು 2023ರಲ್ಲಿ ಕಂಪನಿ ಒಪ್ಪಿತು. ಕೇಳಿದ್ದಕ್ಕೆ ಸಿಕ್ಕಿತು, ನೋಡು. ಮುಂಬೈಯಲ್ಲಿ ಸಿಗುವ ಸ್ವಿಚ್ ಬಹುಪಾಲು ಹೊರಗಿನಿಂದ ತಂದು ಮಾರುವ ಮಾಲು, ಇಲ್ಲಿ ಕೊಂಡವರು ಯಾರನ್ನು ಕೇಳಬೇಕು?

ಸವೆಯದ ಸ್ಟಿಕ್ ಮಾಡಲು ಆಗುವುದಿಲ್ಲವೇ? ಆಗುತ್ತದೆ. ಎಡ್ವಿನ್ ಹಾಲ್ ಅನ್ನುವ ಅಮೆರಿಕದ ವಿಜ್ಞಾನಿ 1879ರಲ್ಲೇ ಒಂದು ವಿಷಯ ಕಂಡುಹಿಡಿದಿದ್ದರು. ಕರೆಂಟ್ ಹರಿಯುವ ಲೋಹದ ತಗಡಿನ ಹತ್ತಿರ ಅಯಸ್ಕಾಂತ ತಂದರೆ, ತಗಡಿನ ಅಡ್ಡಕ್ಕೆ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಸ್ಟಿಕ್ಕಿನ ಬುಡಕ್ಕೆ ಸಣ್ಣ ಅಯಸ್ಕಾಂತ ಅಂಟಿಸಿ, ಪಕ್ಕದಲ್ಲಿ ಹಾಲ್ ಸೆನ್ಸರ್ ಇಟ್ಟರೆ ಸಾಕು. ಒಂದಕ್ಕೊಂದು ತಾಗುವುದೇ ಇಲ್ಲ. ಉಜ್ಜುವುದಿಲ್ಲ, ಪುಡಿಯಾಗುವುದಿಲ್ಲ. ಸೆಗಾ ಕಂಪನಿ 1998ರಲ್ಲೇ ತನ್ನ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲಿ ಇದನ್ನು ಹಾಕಿತ್ತು. ಆಮೇಲೆ ಸೆಗಾ ಯಂತ್ರ ಮಾಡುವುದನ್ನೇ ಬಿಟ್ಟಿತು, ದೊಡ್ಡ ಕಂಪನಿಗಳು ಪಾಟ್‌ಗೇ ಅಂಟಿಕೊಂಡವು. ಬೆಲೆ ಉಳಿಯುತ್ತದೆ ಅನ್ನುವುದು ಬಿಟ್ಟು ನನಗೆ ಬೇರೆ ದೊಡ್ಡ ಕಾರಣ ಕಾಣುವುದಿಲ್ಲ. ಈಗ ಗುಲಿಕಿಟ್, 8ಬಿಟ್‌ಡೂ ಥರದ ಸಣ್ಣ ಕಂಪನಿಗಳು ಹಾಲ್ ಸ್ಟಿಕ್ ಇರುವ ಕಂಟ್ರೋಲರ್ ಮಾರುತ್ತಿವೆ. ಟಿಎಂಆರ್ ಅನ್ನುವ ಇನ್ನೊಂದು ಬಗೆಯೂ ಬಂದಿದೆ. ಅದೂ ಅಯಸ್ಕಾಂತದ್ದೇ, ಆದರೆ ಕರೆಂಟ್ ಕಡಿಮೆ ತಿನ್ನುತ್ತದೆ. 2025ರ ಜೂನ್ 5ರಂದು ಸ್ವಿಚ್ 2 ಬಂದಾಗ ಅದರ ಕಂಟ್ರೋಲರನ್ನು ಮೌಸ್ ಥರ ಮೇಜಿನ ಮೇಲೆ ಓಡಿಸಬಹುದು ಅಂತ ಎಲ್ಲರೂ ಕುಣಿದರು. ಒಳ್ಳೆಯ ಉಪಾಯವೇ. ಆದರೆ ಸ್ಟಿಕ್ ಹಾಲ್ ಸೆನ್ಸರಿನದ್ದಲ್ಲ ಅಂತ ನಿಂಟೆಂಡೊದವರೇ ಮೊದಲೇ ಹೇಳಿದರು. ಈ ಸಲ ಒಂದು ವಿಷಯ ನನಗೆ ಬಹಳ ಇಷ್ಟವಾಯಿತು. ಆ ಪ್ರಶ್ನೆಯನ್ನು ಜನ ಯಂತ್ರ ಅಂಗಡಿಗೆ ಬರುವ ಮುಂಚೆಯೇ ಕೇಳಿದ್ದರು. ಹತ್ತು ವರ್ಷದ ಹಿಂದೆ ಹೀಗೆ ಯಾರು ಕೇಳುತ್ತಿದ್ದರು?

ರಿಪೇರಿ ಹೇಗೆ ಅಂತಲೂ ನೀನು ಕೇಳಿದ್ದೆ. ಮಾಮೂಲಿ ಕಂಟ್ರೋಲರಿನಲ್ಲಿ ಒಂದು ಸ್ಟಿಕ್ ಮಾಡ್ಯೂಲ್ ಬೋರ್ಡಿಗೆ 14 ಕಡೆ ಸೋಲ್ಡರ್ ಆಗಿರುತ್ತದೆ. ಎರಡು ಪಾಟಿನ ಆರು ಕಾಲು, ಒತ್ತುವ ಸ್ವಿಚ್ಚಿನ ನಾಲ್ಕು, ಹಿಡಿದು ನಿಲ್ಲಿಸುವ ನಾಲ್ಕು. ಅಷ್ಟನ್ನೂ ಒಟ್ಟಿಗೆ ಕರಗಿಸಿ ಎಳೆಯಬೇಕು. ಅವಸರ ಮಾಡಿದರೆ ಬೋರ್ಡಿನ ತಾಮ್ರದ ಬಿಲ್ಲೆಯೇ ಕಿತ್ತು ಬರುತ್ತದೆ, ಆಮೇಲೆ ಸಣ್ಣ ವಯರ್ ಹಾಕಿ ಜೋಡಿಸುವ ಪಾಡು. ಮಳೆಗಾಲದಲ್ಲಿ ಈ ಊರಿನ ಗಾಳಿಗೆ ಗುಂಡಿಗಳೂ ಹಿಡಿಯುತ್ತವೆ, ಹಿಡಿಕೆಯ ರಬ್ಬರ್ ಜಿಗುಟಾಗುತ್ತದೆ. ಅದೆಲ್ಲ ಒರೆಸಿದರೆ ಹೋಗುತ್ತದೆ. ಸ್ಟಿಕ್ ಮಾತ್ರ ಒರೆಸಿದರೆ ಹೋಗುವುದಿಲ್ಲ, ಕೆಲವು ದಿನ ಮುಂದಕ್ಕೆ ಹೋಗುತ್ತದೆ ಅಷ್ಟೇ. ಸೋನಿ 2023ರಲ್ಲಿ ತಂದ ಡ್ಯುಯಲ್‌ಸೆನ್ಸ್ ಎಡ್ಜ್‌ನಲ್ಲಿ ಸ್ಟಿಕ್ ಮಾಡ್ಯೂಲನ್ನು ಸೋಲ್ಡರ್ ಇಲ್ಲದೆ, ಕೈಯಿಂದಲೇ ತೆಗೆದು ಹೊಸದು ಹಾಕಬಹುದು. ಅದು ಬಂದಾಗ ಅಮೆರಿಕದಲ್ಲಿ ಮಾಡ್ಯೂಲಿಗೆ 20 ಡಾಲರ್, ಕಂಟ್ರೋಲರಿಗೆ 200 ಇತ್ತು. ಹಾಗೆ ಮಾಡಲು ಸಾಧ್ಯ ಅಂತ ಇದರಿಂದ ಸಾಬೀತಾಯಿತಲ್ಲ. ಹಾಗಿದ್ದರೆ ಕಡಿಮೆ ಬೆಲೆಯದ್ದರಲ್ಲೂ ಕೊಡಬೇಕು. ಮಕ್ಕಳ ಕೈಗೆ ಹೋಗುವುದು ಅದೇ ಅಲ್ವಾ?

ಪೇಟೆಯಲ್ಲಿ ಸದ್ದೇ ಆಗದ ಒಂದು ಕಂಟ್ರೋಲರ್ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದಿತು. ಅಗಲವಾದ ಬಿಳಿ ಹಲಗೆ, ಮೇಲೆ ಎರಡು ದೊಡ್ಡ ಕಪ್ಪು ಗುಂಡಿ. ಹಿಂಬದಿಯಲ್ಲಿ ಇಯರ್‌ಫೋನ್ ಪಿನ್ ಹೋಗುವಂಥ 3.5 ಮಿಲಿಮೀಟರಿನ 19 ತೂತು. ಒಂದೊಂದು ತೂತಿಗೂ ಒಂದೊಂದು ಸ್ವಿಚ್ ಚುಚ್ಚಬಹುದು. ಕಾಲಲ್ಲಿ ಒತ್ತುವುದು, ಮೊಣಕೈಯಲ್ಲಿ ಒತ್ತುವುದು, ಗಲ್ಲದಲ್ಲಿ ತಾಗಿಸುವುದು, ಯಾವುದಾದರೂ. ಕೈ ಬಿಗಿ ಇಲ್ಲದವರೂ ಹಲ್ಲಿನಲ್ಲಿ ಕಚ್ಚದೆಯೇ ಎಳೆದು ತೆಗೆಯುವ ಹಾಗೆ ಅದರ ಪೆಟ್ಟಿಗೆಗೂ ಕುಣಿಕೆ ಇಟ್ಟಿದ್ದಾರೆ. ಸೋನಿಯೂ 2023ರ ಡಿಸೆಂಬರಿನಲ್ಲಿ ಆಕ್ಸೆಸ್ ಅನ್ನುವ ಹೆಸರಿನಲ್ಲಿ ಇಂಥದ್ದನ್ನು ತಂದಿತು.

ಮುಲುಂಡಿನ ಒಬ್ಬ ತಾಯಿ, ಉತ್ತರ ಕನ್ನಡದ ಕಡೆಯವರು, ಮಗನಿಗೆ ಅಂತ ಇದನ್ನು ಹೊರದೇಶದ ಅಣ್ಣನಿಂದ ತರಿಸಿಕೊಂಡಿದ್ದರು. ಹುಡುಗನಿಗೆ ಒಂದು ಕೈ ಆಡುತ್ತದೆ, ಇನ್ನೊಂದು ಆಡುವುದಿಲ್ಲ. ಹೊರಗಿನ ಸ್ವಿಚ್ ಒಂದೊಂದಕ್ಕೂ ಕೇಳುವ ಬೆಲೆ ನೋಡಿ ಗಾಬರಿಯಾಗಿ ಅಂಗಡಿಗೆ ಬಂದರು. ಆ ತೂತಿಗೆ ಬೇಕಾದದ್ದು ಎರಡು ವಯರಿನ ಬರೀ ಒಂದು ಸ್ವಿಚ್, ಕೂಡಿದರೆ ಒತ್ತಿದ ಹಾಗೆ. ನಮ್ಮ ರಸ್ತೆಯಲ್ಲೇ ಸಿಗುವ ಗುಂಡಿ, ಹಳೆಯ ಹೊಲಿಗೆ ಯಂತ್ರದ ಪೆಡಲ್, 3.5ರ ಪಿನ್ ತಂದು ಮಧ್ಯಾಹ್ನ ಕೂತು ಮಾಡಿದೆವು. ಪೆಡಲ್ ಒತ್ತಿದರೆ ಕಾರ್ ಓಡುತ್ತದೆ. ಹುಡುಗ ಮೊದಲು ಗೋಡೆಗೆ ಗುದ್ದಿದ, ಎರಡನೇ ಸುತ್ತಿಗೆ ತಿರುವು ಹಿಡಿದ. ಆಮೇಲೆ ಅಂಗಡಿ ಮುಚ್ಚುವ ತನಕ ಎದ್ದೇಳಲಿಲ್ಲ. ಈ ಕಂಟ್ರೋಲರಿಗೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೇನೆ. ಇದನ್ನು ಮಾಡಿದವರು ಎಲ್ಲ ತೂತನ್ನೂ ಮಾಮೂಲಿ ಪಿನ್ನಿಗೆ ಹೊಂದುವಂತೆ ಇಟ್ಟರು. ಅದಕ್ಕೇ ಲ್ಯಾಮಿಂಗ್ಟನ್ ರೋಡಿನಲ್ಲಿ ಕೂತವನೂ ಅದಕ್ಕೊಂದು ಭಾಗ ಮಾಡಿ ಸೇರಿಸಬಹುದು.

ಈಗ ನಿನ್ನ ಮಗಳ ವಿಷಯ. ಅವಳು ಹೆಚ್ಚಾಗಿ ಫುಟ್‌ಬಾಲ್ ಆಡುವುದಾದರೆ, ಕಂಪ್ಯೂಟರಿಗೆ ಹಾಲ್ ಸ್ಟಿಕ್ ಅಥವಾ ಟಿಎಂಆರ್ ಸ್ಟಿಕ್ ಇರುವ ಒಂದು ಕಂಟ್ರೋಲರ್ ಕೊಡಿಸು. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಬರೆದಿಲ್ಲ ಅಂದರೆ ಇಲ್ಲ ಅಂತಲೇ ಲೆಕ್ಕ. ಕೆಲವದರಲ್ಲಿ ಟ್ರಿಗರಿಗೆ ಮಾತ್ರ ಹಾಲ್ ಇರುತ್ತದೆ, ಸ್ಟಿಕ್ಕಿಗೆ ಇರುವುದಿಲ್ಲ. ಅದನ್ನು ಸರಿಯಾಗಿ ಓದು. ಅವಳಿಗೆ ಆ ಬಿಗಿಯಾಗುವ ಟ್ರಿಗರೇ ಬೇಕು, ಅವಳು ಆಡುವ ಆಟದಲ್ಲಿ ಅದು ನಡೆಯುತ್ತದೆ ಅಂದರೆ ಅದನ್ನೇ ಕೊಡಿಸು, ತಪ್ಪಿಲ್ಲ. ಬಿಲ್ ಜೋಪಾನ ಮಾಡು. ಸ್ಟಿಕ್ ಸ್ವಲ್ಪ ಜಾರಿದ ಹಾಗೆ ಕಂಡರೂ ವಾರಂಟಿ ಇರುವಾಗಲೇ ದೂರು ಕೊಡು, ಹೋಗಲಿ ಅಂತ ಬಿಡಬೇಡ. ಸ್ಟಿಕ್ಕಿನ ಬುಡಕ್ಕೆ ಸಿಕ್ಕಸಿಕ್ಕ ಸ್ಪ್ರೇ ಹೊಡೆಯುವ ವಿಡಿಯೋ ನೋಡಿ ಅದನ್ನು ಮಾಡಲೂ ಬೇಡ.

ಅವಳ ಹಳೆಯ ಕಂಟ್ರೋಲರ್ ಎಸೆಯಬೇಡಿ. ರಜೆಯಲ್ಲಿ ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡಿಸಿದರೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಬಾ, ಅವಳನ್ನೂ ಕರೆದುಕೊಂಡು ಬಾ. ಎರಡು ಹಾಲ್ ಮಾಡ್ಯೂಲ್ ತೆಗೆದಿಟ್ಟಿರುತ್ತೇನೆ. ಸೋಲ್ಡರ್ ತೆಗೆಯುವುದನ್ನು ನಾನು ಮಾಡುತ್ತೇನೆ, ಹೊಸದನ್ನು ಕೂರಿಸುವುದನ್ನು ಅವಳೇ ಮಾಡಲಿ. ಭಾನುವಾರ ಅಂಗಡಿ ಇರುವುದಿಲ್ಲ, ಶನಿವಾರ ಬೆಳಿಗ್ಗೆಯೇ ಬಂದರೆ ಒಳ್ಳೆಯದು. ಅತ್ತಿಗೆಗೂ ಅಮ್ಮನಿಗೂ ನಾನು ಕೇಳಿದೆ ಅಂತ ಹೇಳು.

ಇಂತಿ ನಿನ್ನ ಗೆಳೆಯ